ಪರೀಕ್ಷೆಯಲ್ಲಿ ಎಡವಿದ ಮಗಳಿಗೆ ಆಸ್ಪತ್ರೆಯ ಬಾಗಿಲು

ನರ್ಸಿಂಗ್ ಪರೀಕ್ಷೆಯ ಫಲಿತಾಂಶಗಳು ಹೊರಬೀಳುವ ವಾರಗಳಲ್ಲಿ ಎಷ್ಟೋ ಮನೆಗಳಲ್ಲಿ ಒಂದು ಬಗೆಯ ಮೌನ ಕವಿಯುತ್ತದೆ. ಹಾವೇರಿ, ದಾವಣಗೆರೆ, ಚಿತ್ರದುರ್ಗ, ತುಮಕೂರುಗಳ ಕಡೆಯಿಂದ ಬಂದು, ಬನಶಂಕರಿಯ ಬಂಧುಗಳ ಮನೆಯಲ್ಲೋ ಬಿ.ಟಿ.ಎಂ. ಬಡಾವಣೆಯ ಪಿ.ಜಿ.ಯಲ್ಲೋ ಇದ್ದು ಓದುತ್ತಿದ್ದ ಮಗಳು ಅಂಗರಚನಾಶಾಸ್ತ್ರದಲ್ಲಿ ಅನುತ್ತೀರ್ಣಳಾದಳೆಂದು, ಇಲ್ಲವೆ ಹಾಜರಿ ಸಾಲದೆ ಪರೀಕ್ಷೆಗೆ ಕೂರಲಾಗಲಿಲ್ಲವೆಂದು ತಿಳಿದಾಗ, ಹಿರಿಯರ ಬಾಯಿಂದ ಸಾಮಾನ್ಯವಾಗಿ ಎರಡು ಮಾತುಗಳು ಹೊರಡುತ್ತವೆ. “ಓದಿದ್ದು ಸಾಕು, ಇನ್ನು ಸಂಬಂಧ ನೋಡೋಣ” ಎಂಬುದು ಒಂದು. “ಯಾವುದಾದರೂ ನರ್ಸಿಂಗ್ ಹೋಮಿಗೆ ಸೇರಿಸಿಬಿಡೋಣ, ಹೇಗಿದ್ದರೂ ನರ್ಸ್ ಆದಂತೆಯೇ ಅಲ್ಲವೆ?” ಎಂಬುದು ಇನ್ನೊಂದು. ಮೊದಲನೆಯದು ಆತುರದ ಮಾತು. ಎರಡನೆಯದು ಅಪಾಯದ ಮಾತು. ಇವೆರಡರ ನಡುವೆ ಮೂರನೆಯ ದಾರಿಯೊಂದಿದೆ. ಓದಿನ ಎಳೆಯನ್ನು ಕಡಿದುಕೊಳ್ಳದೆ, ತನಗೆ ಸಲ್ಲುವ ಕೆಲಸದಲ್ಲಿದ್ದುಕೊಂಡು ಆಸ್ಪತ್ರೆಯ ಅನುಭವವನ್ನು ಪಡೆಯುವ ದಾರಿ ಅದು. ಅದನ್ನು ಕುರಿತು ಇಲ್ಲಿ ನಾಲ್ಕು ಮಾತು ಹೇಳಬಯಸುತ್ತೇವೆ.

ಮೊದಲು ಹಿನ್ನಡೆಯನ್ನು ಅಳೆಯಿರಿ

ಒಂದು ವಿಷಯದಲ್ಲಿ ಅನುತ್ತೀರ್ಣಳಾಗುವುದು ಬೇರೆ, ಹಾಜರಿಯ ಕೊರತೆ ಬೇರೆ, ಕಾಲೇಜನ್ನೇ ಬಿಟ್ಟುಬರುವುದು ಬೇರೆ. ಮೂರನ್ನೂ ಒಂದೇ ತಕ್ಕಡಿಯಲ್ಲಿಟ್ಟು ದುಃಖಿಸುವುದು ತರವಲ್ಲ. ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷಗಳ ವ್ಯಾಸಂಗ. ಭಾರತೀಯ ನರ್ಸಿಂಗ್ ಪರಿಷತ್ತು ಸೆಮಿಸ್ಟರ್ ಪದ್ಧತಿಯನ್ನು ತಂದ 2021ರ ನಿಯಮಗಳ ಪ್ರಕಾರ ಅದನ್ನು ಪೂರೈಸಲು ಗರಿಷ್ಠ ಎಂಟು ವರ್ಷಗಳ ಅವಕಾಶವುಂಟು. ನರ್ಸಿಂಗ್ ವಿಷಯಗಳಲ್ಲಿ ಲಿಖಿತಕ್ಕೂ ಪ್ರಾಯೋಗಿಕಕ್ಕೂ ಬೇರೆ ಬೇರೆಯಾಗಿ ಶೇಕಡಾ 50 ಅಂಕ ಬರಬೇಕು. ಪರೀಕ್ಷೆಗೆ ಕೂರಲು ಶೇಕಡಾ 80 ಹಾಜರಿ ಬೇಕು. ಪದವಿ ಕೈಗೆ ಬರುವ ಮುನ್ನ ಆಸ್ಪತ್ರೆಯ ಪ್ರಾಯೋಗಿಕ ತರಬೇತಿಯಲ್ಲಿ ನೂರಕ್ಕೆ ನೂರು ಹಾಜರಿ ತುಂಬಿರಬೇಕು. ಆದ್ದರಿಂದ ಒಂದು ವಿಷಯ ಹಿಂದುಳಿದಾಕ್ಷಣ ಬದುಕೇ ಹಿಂದುಳಿಯಿತೆಂದು ತಿಳಿಯಬೇಕಾಗಿಲ್ಲ.

ಫಲಿತಾಂಶ ಬಂದ ವಾರದಲ್ಲೇ ತಂದೆಯೋ ತಾಯಿಯೋ ಮಗಳೊಡನೆ ಪ್ರಾಂಶುಪಾಲರನ್ನು ಕಂಡು ಕೆಲವು ಪ್ರಶ್ನೆಗಳನ್ನು ಕೇಳುವುದು ಒಳ್ಳೆಯದು. ಮುಂದಿನ ಪರೀಕ್ಷೆ ಯಾವಾಗ? ಅಲ್ಲಿಯವರೆಗೆ ಮುಂದಿನ ತರಗತಿಯಲ್ಲಿ ಕೂರಬಹುದೆ? ಕೊರತೆ ಬಿದ್ದ ಹಾಜರಿಯನ್ನು ತುಂಬಿಕೊಳ್ಳುವುದು ಹೇಗೆ? ನಡುವೆ ಬಿಟ್ಟರೆ ಮತ್ತೆ ಸೇರಲು ನಿಯಮವೇನು? ಉತ್ತರಗಳನ್ನು ಬರೆದಿಟ್ಟುಕೊಳ್ಳಿ. ಬಿ.ಎಸ್ಸಿ.ಯವರಿಗೆ ಜಯನಗರದಲ್ಲಿರುವ, 1996ರಲ್ಲಿ ಸ್ಥಾಪಿತವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸುತ್ತೋಲೆಗಳೇ ಆಧಾರ. ಮೂರು ವರ್ಷಗಳ ಜಿ.ಎನ್.ಎಂ. ಡಿಪ್ಲೊಮಾದವರಿಗೆ ರಾಜ್ಯದ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿಯ ಪ್ರಕಟಣೆಗಳು ಆಧಾರ. ಕಾಲೇಜಿನಲ್ಲಿ ಹೆಸರು ಚಾಲ್ತಿಯಲ್ಲಿದ್ದರೆ ಹಾಜರಿಗೇ ಮೊದಲ ಸ್ಥಾನ. ಕೆಲಸದ ಮಾತೇನಿದ್ದರೂ ತರಗತಿ ಇಲ್ಲದ ಕಾಲಕ್ಕೆ.

ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳು ಎಡವುವುದು ಬುದ್ಧಿಯ ಕೊರತೆಯಿಂದಲ್ಲ, ಬಹುಪಾಲು ಭಾಷೆಯ ತೊಡಕಿನಿಂದ. ಮೂಳೆ ಸ್ನಾಯುಗಳ ಲ್ಯಾಟಿನ್ ಮೂಲದ ಹೆಸರುಗಳನ್ನು ಅರ್ಥವರಿಯದೆ ಉರುಹೊಡೆದುದು ಪರೀಕ್ಷಾ ಕೊಠಡಿಯಲ್ಲಿ ಕೈಕೊಡುತ್ತದೆ. ಅವೇ ಹೆಸರುಗಳನ್ನು ದಿನವೂ ವೈದ್ಯರ, ದಾದಿಯರ ಬಾಯಿಂದ ಕೇಳುತ್ತ, ರೋಗಿಯ ದೇಹದಲ್ಲಿ ಕಾಣುತ್ತ ಹೋದರೆ ಅವು ಮನಸ್ಸಿನಲ್ಲಿ ಬೇರೂರುತ್ತವೆ. ಆಸ್ಪತ್ರೆಯ ಅನುಭವದ ಮೊದಲ ಲಾಭವೇ ಇದು.

ಯಾವ ಕೆಲಸ ಸಲ್ಲುತ್ತದೆ, ಯಾವುದು ಸಲ್ಲದು

ನಮ್ಮ ದಕ್ಷಿಣ ಬೆಂಗಳೂರಿನಲ್ಲಿ ಆಸ್ಪತ್ರೆಗಳಿಗೆ ಬರವಿಲ್ಲ. ಜಯನಗರದ ಸಾರ್ವಜನಿಕ ಆಸ್ಪತ್ರೆ, ಸಂಜಯ ಗಾಂಧಿ ಮೂಳೆ ಮತ್ತು ಅಪಘಾತ ಚಿಕಿತ್ಸಾ ಸಂಸ್ಥೆ, ಬನ್ನೇರುಘಟ್ಟ ರಸ್ತೆಯ ಜಯದೇವ ಹೃದ್ರೋಗ ಸಂಸ್ಥೆ, ಹೊಸೂರು ರಸ್ತೆಯ ನಿಮ್ಹಾನ್ಸ್, ಅದರ ನೆರೆಯಲ್ಲೇ ಕಿದ್ವಾಯಿ ಗಂಥಿ ಸಂಸ್ಥೆ, ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಇವೆಲ್ಲ ಕೆಲವೇ ಮೈಲಿಗಳ ಸುತ್ತಳತೆಯಲ್ಲಿವೆ. ಇವಲ್ಲದೆ ಜೆ.ಪಿ. ನಗರ, ಬನಶಂಕರಿ ಭಾಗಗಳಲ್ಲಿ ಚಿಕ್ಕ ದೊಡ್ಡ ಖಾಸಗಿ ಆಸ್ಪತ್ರೆಗಳು ಅನೇಕ. ಸರ್ಕಾರಿ ಸಂಸ್ಥೆಗಳಲ್ಲಿ ಸಹಾಯಕರನ್ನು ಹೊರಗುತ್ತಿಗೆಯ ಮೂಲಕ ತೆಗೆದುಕೊಳ್ಳುವುದೇ ಹೆಚ್ಚು. ಖಾಸಗಿ ಆಸ್ಪತ್ರೆಗಳಲ್ಲಿ ನೇರವಾಗಿ ಸಿಬ್ಬಂದಿ ವಿಭಾಗವನ್ನೋ ನರ್ಸಿಂಗ್ ಸೂಪರಿಂಟೆಂಡೆಂಟರನ್ನೋ ಕಾಣಬಹುದು.

ಓದು ಮುಗಿಯದವರಿಗೆ ಒದಗುವ ಕೆಲಸಗಳು ವಾರ್ಡ್ ಸಹಾಯಕಿ, ಹೊರರೋಗಿ ವಿಭಾಗದ ನೋಂದಣಿ, ದಾಖಲೆ ವಿಭಾಗದ ಬರವಣಿಗೆ, ಇತ್ಯಾದಿ. ವಾರ್ಡ್ ಸಹಾಯಕಿಯ ಕೆಲಸಕ್ಕೆ ‘ಜನರಲ್ ಡ್ಯೂಟಿ ಅಸಿಸ್ಟೆಂಟ್’ ಎಂಬ ಹೆಸರಿನ, ಕೆಲವು ತಿಂಗಳುಗಳ ಕೌಶಲ ತರಬೇತಿಯೂ ಉಂಟು. ರೋಗಿಯ ಹಾಸಿಗೆ ಹಾಸುವುದು, ಮೈ ಒರೆಸುವುದು, ಊಟ ಮಾಡಿಸುವುದು, ಎದ್ದೇಳಲಾಗದವರ ಮಗ್ಗುಲನ್ನು ಎರಡು ಗಂಟೆಗೊಮ್ಮೆ ಬದಲಿಸಿ ಬೆನ್ನುಹುಣ್ಣು ಆಗದಂತೆ ಕಾಯುವುದು, ಕುಡಿದ ನೀರಿನ ಮತ್ತು ಹೋದ ಮೂತ್ರದ ಅಳತೆಯನ್ನು ದಾದಿಗೆ ತಿಳಿಸುವುದು, ಗಾಲಿಕುರ್ಚಿಯಲ್ಲಿ ಎಕ್ಸ್‌ರೇ ಕೋಣೆಗೆ ಒಯ್ಯುವುದು ಇವು ಅವಳ ದಿನಚರಿ. ಶುಶ್ರೂಷೆಯ ಪಠ್ಯದ ಮೊದಲ ಅಧ್ಯಾಯಗಳಲ್ಲಿರುವುದೂ ಇವೇ ಅಲ್ಲವೆ?

ಆದರೆ ಒಂದು ಗೆರೆಯನ್ನು ದಾಟಬಾರದು. ಚುಚ್ಚುಮದ್ದು ಕೊಡುವುದು, ಡ್ರಿಪ್ ಹಾಕುವುದು, ಔಷಧದ ಪ್ರಮಾಣ ನಿರ್ಧರಿಸುವುದು ಅವಳ ಕೆಲಸವಲ್ಲ. ರಾಜ್ಯ ನರ್ಸಿಂಗ್ ಪರಿಷತ್ತಿನ ನೋಂದಣಿಯಿಲ್ಲದೆ ಯಾರೂ ನರ್ಸ್ ಎಂದು ಕರೆದುಕೊಂಡು ಕೆಲಸ ಮಾಡುವಂತಿಲ್ಲ. “ಅರ್ಧ ಓದಿದ್ದೀಯಲ್ಲ, ನೀನೇ ಹಾಕಿಬಿಡು” ಎನ್ನುವ ಜಾಗದಲ್ಲಿ ಮಗಳನ್ನು ಬಿಡಬೇಡಿ. ಔಷಧ ತಪ್ಪಿ ರೋಗಿಗೆ ಹಾನಿಯಾದರೆ ಅದರ ಭಾರ ಬೀಳುವುದು ಸೂಜಿ ಹಿಡಿದ ಕೈಯ ಮೇಲೆ. ಇನ್ನೊಂದು ಮಾತನ್ನೂ ಮೊದಲೇ ತಿಳಿದಿರಬೇಕು: ಹೀಗೆ ದುಡಿದ ತಿಂಗಳುಗಳು ಪದವಿಗೆ ಬೇಕಾದ ಪ್ರಾಯೋಗಿಕ ತರಬೇತಿಯ ಲೆಕ್ಕಕ್ಕೆ ಸೇರುವುದಿಲ್ಲ. ಅನುಭವ ಮಗಳದು, ಗಂಟೆಗಳ ಲೆಕ್ಕ ಕಾಲೇಜಿನದು.

ಸಂಕೋಚವೇಕೆ?

“ನಮ್ಮ ಮನೆಯ ಹುಡುಗಿ ಆಯಾ ಕೆಲಸ ಮಾಡುವುದೆ? ಬೀಗರಾಗುವವರು ಏನೆಂದಾರು?” ಎಂಬ ಅಳುಕು ಹಲವರಲ್ಲಿದೆ. ಕಾಯಕದಲ್ಲಿ ಮೇಲು ಕೀಳಿಲ್ಲವೆಂದು ಸಾರಿದ ಶರಣರ ಹೆಸರನ್ನು ನಿತ್ಯ ನೆನೆಯುವ ಮನೆಗಳಿಗೆ ಈ ಅಳುಕು ಒಪ್ಪುವುದಿಲ್ಲ. ಫ್ಲಾರೆನ್ಸ್ ನೈಟಿಂಗೇಲರ ಬದುಕನ್ನೇ ನೋಡಿರಿ. ಸಿರಿವಂತ ಮನೆಯ ಆ ತರುಣಿ 1845ರಲ್ಲಿ ಸಾಲ್ಸ್‌ಬರಿಯ ಆಸ್ಪತ್ರೆಯಲ್ಲಿ ಕೆಲಸ ಕಲಿಯುತ್ತೇನೆಂದಾಗ ಮನೆಯವರು ಕೂಡದೆಂದರು; ಅಂದು ಇಂಗ್ಲೆಂಡಿನಲ್ಲಿ ಅದು ಹೀನ ಕೆಲಸವೆನಿಸಿತ್ತು. ಆರು ವರ್ಷ ಕಾದು, 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್‌ನಲ್ಲಿ ಸುಮಾರು ಮೂರು ತಿಂಗಳು ರೋಗಿಗಳ ಸೇವೆಯಲ್ಲಿದ್ದು ಆಕೆ ಕಲಿತರು. 1854ರಲ್ಲಿ ಕ್ರಿಮಿಯಾ ಯುದ್ಧದ ಗಾಯಾಳುಗಳ ಸೇವೆಗೆ ಹೋದವರು, 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ನರ್ಸಿಂಗ್ ಶಾಲೆಯನ್ನು ತೆರೆಸಿದರು. ಹಿಂದಾದ ಆರು ವರ್ಷ ಅವರನ್ನು ತಡೆಯಲಿಲ್ಲ. ನಮ್ಮ ಮಕ್ಕಳನ್ನು ಆರು ತಿಂಗಳು ತಡೆದೀತೆ?

ಸೇರುವ ಮುನ್ನ

ಕೆಲಸಕ್ಕೆ ಕಳುಹಿಸುವ ಮುನ್ನ ಹಿರಿಯರು ಕೆಲವು ಸಂಗತಿಗಳನ್ನು ಖಚಿತಪಡಿಸಿಕೊಳ್ಳಬೇಕು. ಹುದ್ದೆಯ ಹೆಸರು, ಸಂಬಳ, ಕೆಲಸದ ವೇಳೆ ಬರೆದ ನೇಮಕಪತ್ರ ಕೈಸೇರಲಿ. ಮೂಲ ಅಂಕಪಟ್ಟಿಗಳನ್ನು ಯಾರಿಗೂ ಒಪ್ಪಿಸಬೇಡಿ. ತೋರಿಸಿ, ನಕಲು ಕೊಟ್ಟರೆ ಸಾಕು. ಇ.ಎಸ್.ಐ., ಭವಿಷ್ಯನಿಧಿ ಅನ್ವಯಿಸುವುದೇ ಎಂದು ಕೇಳಿ. ರಾತ್ರಿ ಪಾಳಿ ಇದ್ದರೆ ಹೋಗಿಬರುವ ವ್ಯವಸ್ಥೆ ಏನೆಂದು ತಿಳಿಯಿರಿ.

ಇವೆಲ್ಲಕ್ಕಿಂತ ಮುಖ್ಯವಾದುದು ಮಗಳ ಆರೋಗ್ಯ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ, ತ್ಯಾಜ್ಯದ ಸಂಪರ್ಕಕ್ಕೆ ಬರುವ ಸಿಬ್ಬಂದಿಗೆ ಹೆಪಟೈಟಿಸ್ ಬಿ ಮತ್ತು ಧನುರ್ವಾಯುವಿನ ಲಸಿಕೆ ಹಾಕಿಸುವುದೂ ತರಬೇತಿ ಕೊಡುವುದೂ ಆಸ್ಪತ್ರೆಯ ಹೊಣೆ. ಹೆಪಟೈಟಿಸ್ ಲಸಿಕೆಯು ಮೂರು ಕಂತಿನದು: ಮೊದಲನೆಯದಾದ ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ರಕ್ತ ಹತ್ತಿದ ಬ್ಯಾಂಡೇಜು ಹಳದಿ ಚೀಲಕ್ಕೆ, ಬಳಸಿದ ಪ್ಲಾಸ್ಟಿಕ್ ನಳಿಕೆ ಕೆಂಪು ಚೀಲಕ್ಕೆ, ಸೂಜಿ ಬ್ಲೇಡುಗಳು ಚುಚ್ಚಿಹೋಗದ ಬಿಳಿ ಡಬ್ಬಿಗೆ, ಗಾಜಿನ ಸೀಸೆ ನೀಲಿ ಪೆಟ್ಟಿಗೆಗೆ ಎಂಬುದನ್ನು ಮೊದಲ ದಿನವೇ ಕಲಿಯಬೇಕು. ಅಕಸ್ಮಾತ್ ಸೂಜಿ ಚುಚ್ಚಿದರೆ ಹಿಂಡದೆ, ಸೋಪು ನೀರಿನಿಂದ ತೊಳೆದು, ಕೂಡಲೇ ಮೇಲಿನವರಿಗೆ ತಿಳಿಸಬೇಕು. ಎಚ್.ಐ.ವಿ. ತಡೆಯುವ ಔಷಧವನ್ನು ಆದಷ್ಟು ಬೇಗ, ಎರಡು ಗಂಟೆಗಳೊಳಗಾದರೆ ಉತ್ತಮ, ಹೆಚ್ಚೆಂದರೆ 72 ಗಂಟೆಗಳೊಳಗೆ ಆರಂಭಿಸಬೇಕಾಗುತ್ತದೆ. ಬೈದಾರೆಂಬ ಭಯದಿಂದ ಮುಚ್ಚಿಡುವುದು ಎಲ್ಲಕ್ಕಿಂತ ದೊಡ್ಡ ಅಪಾಯ.

ದುಡಿಮೆ ಓದನ್ನು ನುಂಗದಿರಲಿ

ಕೈಗೆ ಸಂಬಳ ಬರತೊಡಗಿದ ಮೇಲೆ ಪುಸ್ತಕ ಮುಚ್ಚಿಹೋಗುವುದುಂಟು. ಆದ್ದರಿಂದ ಪರೀಕ್ಷೆಯ ತಿಂಗಳನ್ನು ಮೊದಲೇ ಗೊತ್ತುಮಾಡಿಕೊಂಡು, ಅದಕ್ಕೆ ಮುಂಚಿನ ಒಂದೆರಡು ತಿಂಗಳು ರಜೆ ಸಿಗುವಂತೆ ಮಾತಾಡಿಕೊಂಡೇ ಸೇರುವುದು ಲೇಸು. ಪಾಳಿ ಮುಗಿಸಿ ಬಂದವಳು ದಿನವೂ ಒಂದು ಸಣ್ಣ ಪುಸ್ತಕದಲ್ಲಿ ಅಂದು ಕೇಳಿದ ಐದು ಹೊಸ ಪದಗಳನ್ನು ಇಂಗ್ಲಿಷಿನಲ್ಲಿ ಬರೆದು, ಪಕ್ಕದಲ್ಲಿ ಕನ್ನಡದ ಅರ್ಥವನ್ನು ಬರೆಯಲಿ. ರೋಗಿಯ ಹೆಸರು ವಿವರಗಳು ಮಾತ್ರ ಆ ಪುಸ್ತಕದಲ್ಲಿರಕೂಡದು. ರೋಗಿಯ ಗುಟ್ಟು ಕಾಯುವುದು ಈ ವೃತ್ತಿಯ ಮೊದಲ ಪಾಠ. ಅವಳು ಓದುವ ಎರಡು ಗಂಟೆ ಅಡುಗೆಮನೆಯ ಕೆಲಸಕ್ಕೆ ಕರೆಯದಿರುವುದು ಮನೆಯವರ ಪಾಠ.

ಕೆಲವರಿಗೆ ವಾರ್ಡಿನ ಕೆಲಸ ಮಾಡಿದ ಮೇಲೆಯೇ ಇದು ತಮ್ಮ ದಾರಿಯಲ್ಲವೆಂದು ಅರಿವಾಗಬಹುದು. ಅದೂ ಲಾಭವೇ. ಪ್ರಯೋಗಾಲಯ, ಡಯಾಲಿಸಿಸ್, ಶಸ್ತ್ರಚಿಕಿತ್ಸಾ ಕೊಠಡಿಯ ತಂತ್ರಜ್ಞರ ವ್ಯಾಸಂಗಗಳಿವೆ. ಎರಡು ವರ್ಷಗಳ ಎ.ಎನ್.ಎಂ. ಇದೆ. ನೋಡಿ ತಿಳಿದು ಬದಲಿಸಿದ ದಾರಿ ಸೋಲೆನಿಸದು. ಮಗನ ವಿಷಯದಲ್ಲೂ ಇದೇ ಮಾತು ಸಲ್ಲುತ್ತದೆ. ಪುರುಷ ಶುಶ್ರೂಷಕರಿಗೂ ಆಸ್ಪತ್ರೆಗಳಲ್ಲಿ ಸ್ಥಾನವಿದೆ.

ಮಗಳು ಎಡವಿದ ವರ್ಷದಲ್ಲಿ ಮನೆಯವರು ಆಡುವ ಮಾತು ಅಂಕಪಟ್ಟಿಗಿಂತ ಹೆಚ್ಚು ಕಾಲ ಅವಳ ನೆನಪಿನಲ್ಲಿರುತ್ತದೆ. ಸಂಬಂಧ ನೋಡಲು ಮುಂದೆ ಸಮಯವಿದೆ. ಪರೀಕ್ಷೆಯ ಅರ್ಜಿಗೆ ಮಾತ್ರ ಕೊನೆಯ ದಿನವಿದೆ. ಮೊದಲು ಅದನ್ನು ತುಂಬಿಸಿರಿ.