ಅಂಗಳದ ಬಾದಾಮಿಗೆ ಕೊಡಲಿ ಎತ್ತುವ ಮುನ್ನ

ಅಂಬಲಪಾಡಿಯಿಂದ ಮಲ್ಪೆಯ ಕಡೆ ಹೊರಟರೆ ಮನೆಯಂಗಳಗಳಲ್ಲಿ, ಶಾಲೆಗಳ ಆವರಣದಲ್ಲಿ ಕೊಡೆ ಬಿಚ್ಚಿದಂತೆ ನಿಂತ ಬಾದಾಮಿ ಮರಗಳು ಅಲ್ಲಲ್ಲಿ ಕಾಣಸಿಗುತ್ತವೆ. ಬೇಸಿಗೆ ರಜೆಯಲ್ಲಿ ಅದರ ಒಣಕಾಯಿಯನ್ನು ಕಲ್ಲಿನ ಮೇಲಿಟ್ಟು ಜಜ್ಜಿ, ಬೆರಳಿಗೂ ಏಟು ತಿಂದವರು ನಮ್ಮಲ್ಲಿ ಅನೇಕರು. ಈಗ ಅದೇ ಮರದ ಮೇಲೆ ದೂರು: 'ತರಗೆಲೆ ಗುಡಿಸಿ ಸಾಕಾಯಿತು, ಕಡಿದುಬಿಡೋಣ.'

ಅಂಗಡಿಯ ಬಾದಾಮಿಗೂ ಇದಕ್ಕೂ ನಂಟಿಲ್ಲ. ಅದು ಚಳಿಗಾಲದ ತಂಪು ಬೇಡುವ, ಪೀಚ್ ಹಣ್ಣಿನ ಜಾತಿಯ ಗಿಡ. ಇದು ಕಡಲ ತೀರದ ಮರ. ಸಸ್ಯಶಾಸ್ತ್ರದಲ್ಲಿ ಟರ್ಮಿನೇಲಿಯ ಕಟಪ್ಪ. 'ಕಟಪ್ಪ' ಎಂಬುದು ಮಲಯ ಭಾಷೆಯ 'ಕೆತಪಾಂಗ್' ಎಂಬ ಹೆಸರಿನಿಂದ ಬಂದದ್ದು. ನಮ್ಮ ಕಾಡಿನ ಮತ್ತಿ, ತಾರೆ, ಅಳಲೆ ಇದರ ದಾಯಾದಿಗಳು. 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಲ್ಲಿ ಪ್ರಕಟವಾದ 'ಹೊರ್ಟುಸ್ ಮಲಬಾರಿಕುಸ್' ಗ್ರಂಥದಲ್ಲಿ 'ಆದಮರಂ' ಎಂಬ ಹೆಸರಿನಲ್ಲಿ ಇದರ ವರ್ಣನೆಯಿದೆ. ಹಗುರವಾದ ಕಾಯಿ ನೀರಿನಲ್ಲಿ ತೇಲಿ ದೂರದ ದಡ ಸೇರುತ್ತದೆ. ತಿರುಳಿನ ಆಸೆಗೆ ಬಾವಲಿಗಳೂ ಅದನ್ನು ಹೊತ್ತೊಯ್ಯುತ್ತವೆ.

ಬೆಳೆಸುವುದು ಕಷ್ಟವಲ್ಲ. ಮಾಗಿ ಬಿದ್ದ ಕಾಯಿಯನ್ನು ಮಣ್ಣು ತುಂಬಿದ ಚೀಲದಲ್ಲಿ ಊರಿದರೆ ಒಂದೆರಡು ತಿಂಗಳಲ್ಲಿ ಮೊಳಕೆ ಬರುತ್ತದೆ. ಸಸಿಯನ್ನು ಮಳೆಗಾಲದ ಆರಂಭದಲ್ಲಿ ಬಿಸಿಲು ಬೀಳುವ ಜಾಗದಲ್ಲಿ ನೆಟ್ಟು, ಮೊದಲ ಎರಡು ಬೇಸಿಗೆ ನೀರುಣಿಸಿದರೆ ಸಾಕು. ಉಪ್ಪುಗಾಳಿ, ಮರಳು ನೆಲ ಎರಡನ್ನೂ ಇದು ತಾಳಿಕೊಳ್ಳುತ್ತದೆ. ಕೊಂಬೆಗಳು ಅಂತಸ್ತು ಅಂತಸ್ತಾಗಿ ಅಡ್ಡಕ್ಕೆ ಚಾಚುವುದರಿಂದ ಕೆಲವೇ ವರ್ಷಗಳಲ್ಲಿ ದಟ್ಟ ನೆರಳು ಸಿಗುತ್ತದೆ. ತಿರುಳು ಸಣ್ಣದಾದರೂ ಹಸಿಯಾಗಿಯೇ ತಿನ್ನಬಹುದು, ರುಚಿ ಬಾದಾಮಿಯದೇ.

ಆದರೆ ಜಾಗದ ಲೆಕ್ಕಾಚಾರ ತಪ್ಪಬಾರದು. ಅನುಕೂಲ ಸಿಕ್ಕರೆ ಮರ ಎಂಬತ್ತು ಅಡಿಗೂ ಮೀರಿ ಬೆಳೆಯಬಲ್ಲದು. ಬೇರು ಹರಡಿ ಅಂಗಳದ ಹಾಸುಗಲ್ಲನ್ನು ಎತ್ತುವುದುಂಟು. ಗೋಡೆ, ಬಾವಿಕಟ್ಟೆ, ಶೌಚಗುಂಡಿಗಳಿಂದ ಇಪ್ಪತ್ತೈದು ಅಡಿಯಾದರೂ ದೂರವಿರಲಿ. ವಿದ್ಯುತ್ ತಂತಿಯ ಕೆಳಗಂತೂ ಬೇಡವೇ ಬೇಡ. ಐದು ಸೆಂಟ್ಸ್ ಜಾಗದಲ್ಲಿ ಮನೆ ಕಟ್ಟಿದವರಿಗೆ ಇದು ಹೇಳಿಸಿದ ಮರವಲ್ಲ ಎಂಬುದನ್ನು ಒಪ್ಪಲೇಬೇಕು.

ಇನ್ನು ಎಲೆಯ ಗೋಳು. ವರ್ಷಕ್ಕೊಮ್ಮೆ, ಕೆಲವೊಮ್ಮೆ ಎರಡು ಬಾರಿ ಎಲೆಗಳು ಕೆಂಪಾಗಿ ಉದುರುತ್ತವೆ. ಗುಡಿಸಿ ಬೆಂಕಿ ಹಚ್ಚುವ ಬದಲು ತೆಂಗಿನ ಬುಡಕ್ಕೆ ಹಾಕಿದರೆ ಬೇಸಿಗೆಯಲ್ಲಿ ತೇವ ಉಳಿಯುತ್ತದೆ, ಬಳಿಕ ಗೊಬ್ಬರವಾಗುತ್ತದೆ. ಎಲೆ, ತೊಗಟೆಗಳಲ್ಲಿರುವ ಒಗರು ಅಂಶವನ್ನು ಹಿಂದೆ ಬಣ್ಣಕ್ಕೂ ಶಾಯಿಗೂ ಬಳಸುತ್ತಿದ್ದರು. ಬಣ್ಣದ ಮೀನು ಸಾಕುವವರು ಇಂದಿಗೂ ಒಣ ಎಲೆಯನ್ನು ತೊಟ್ಟಿಯ ನೀರಿಗೆ ಹಾಕುತ್ತಾರೆ.

ಹೊಸದಾಗಿ ನೆಡಲು ಎಲ್ಲರ ಬಳಿ ಜಾಗವಿಲ್ಲ, ನಿಜ. ಹಾಗಿದ್ದಮೇಲೆ ಈಗಾಗಲೇ ಬೆಳೆದು ನಿಂತ ಮರದ ಬೆಲೆ ಇನ್ನಷ್ಟು ಹೆಚ್ಚಲ್ಲವೇ? ಕಡಿಯಲು ಅರ್ಧ ದಿನ ಸಾಕು. ಅಷ್ಟೇ ನೆರಳು ಮತ್ತೆ ಬೇಕೆಂದರೆ ಅಂಗಳದಲ್ಲಿ ಆಡುವ ಮಗು ಕಾಲೇಜು ಸೇರುವವರೆಗೆ ಕಾಯಬೇಕಾದೀತು.