ಉಳಿದ ಬ್ರೆಡ್ಡು, ಬನ್ನು, ಪಫ್‌ಗಳನ್ನು ಮತ್ತೆ ಬಿಸಿ ಮಾಡುವ ಮುನ್ನ

ಹಿಂದೆ ವರ್ತೂರಿನ ಸುತ್ತಮುತ್ತಲ ಹಳ್ಳಿಗಳಲ್ಲಿ ಬ್ರೆಡ್ಡೆಂದರೆ ರೋಗಿಗಳ ಆಹಾರವೆಂಬ ಭಾವನೆ ಇತ್ತು. ಮನೆಯಲ್ಲಿ ಯಾರಿಗಾದರೂ ಜ್ವರ ಬಂದಾಗ, ಇಲ್ಲವೇ ಆಸ್ಪತ್ರೆಯಲ್ಲಿರುವ ಬಂಧುಗಳನ್ನು ನೋಡಲು ಹೋಗುವಾಗ ಮಾತ್ರ ಒಂದು ಪೊಟ್ಟಣವನ್ನು ಕೊಳ್ಳುತ್ತಿದ್ದರು. ಇಂದು ಕಾಲ ಬದಲಾಗಿದೆ. 1898ರಲ್ಲಿ ಎಚ್. ಎಸ್. ತಿರುಮಲಾಚಾರ್ ಅವರು ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಆರಂಭಿಸಿದ ಬಿ. ಬಿ. ಬೇಕರಿಯ ತರುವಾಯ ಅಯ್ಯಂಗಾರ್ ಬೇಕರಿಗಳು ನಾಡಿನ ಊರೂರಿಗೂ ಹರಡಿದವು. ವರ್ತೂರು, ಗುಂಜೂರು, ಬಳಗೆರೆ, ಸೊರಹುಣಸೆ ಮುಂತಾದ ಕಡೆಗಳಲ್ಲಿಯೂ ಬ್ರೆಡ್ಡು, ಬನ್ನು, ರಸ್ಕು, ಪಫ್‌ಗಳು ದಿನನಿತ್ಯದ ತಿಂಡಿಗಳಾಗಿವೆ. ಗಂಡ ಹೆಂಡತಿ ಇಬ್ಬರೂ ಕೂಲಿಗೆ, ಕಾರ್ಖಾನೆಗೆ ಅಥವಾ ವೈಟ್‌ಫೀಲ್ಡ್ ಕಡೆಯ ದೊಡ್ಡ ವಸತಿ ಕಟ್ಟಡಗಳಿಗೆ ಮನೆಗೆಲಸಕ್ಕೆ ಹೋಗುವ ಕುಟುಂಬಗಳಲ್ಲಿ ಬೆಳಗಿನ ಅವಸರಕ್ಕೆ ಇವು ಒದಗುತ್ತವೆ. ತಿಂದು ಉಳಿದುದನ್ನು ಮರುದಿನ ಬಿಸಿ ಮಾಡಿ ತಿನ್ನುವುದೂ ರೂಢಿಯಾಗಿದೆ.

ಆಹಾರವನ್ನು ಚೆಲ್ಲಬಾರದೆಂಬುದು ನಮ್ಮ ಹಿರಿಯರು ಕಲಿಸಿದ ಪಾಠ. ಅದು ಸರಿಯಾದ ಪಾಠವೇ. ಆದರೆ ಯಾವುದನ್ನು ಉಳಿಸಿಕೊಳ್ಳಬಹುದು, ಯಾವುದನ್ನು ಉಳಿಸಿಕೊಳ್ಳಬಾರದು ಎಂಬ ವಿವೇಚನೆ ಇಲ್ಲದಿದ್ದರೆ ಉಳಿತಾಯಕ್ಕಿಂತ ನಷ್ಟವೇ ಹೆಚ್ಚಾದೀತು. ಇದಕ್ಕೆ ಒಂದು ಉದಾಹರಣೆಯನ್ನು ಕೊಡಬಹುದು.

ಒಂದು ಬೇಸಿಗೆಯ ದಿನ ದಂಪತಿಗಳಿಬ್ಬರು ನಾಲ್ಕು ವರ್ಷದ ಮಗನನ್ನು ಎತ್ತಿಕೊಂಡು ನಮ್ಮ ಆರೋಗ್ಯ ಕೇಂದ್ರಕ್ಕೆ ಬಂದರು. ಮಗು ಬೆಳಗಿನಿಂದ ಐದಾರು ಬಾರಿ ವಾಂತಿ ಮಾಡಿಕೊಂಡು ಸೋತುಹೋಗಿತ್ತು. ತಂದೆಗೂ ಹೊಟ್ಟೆನೋವು ಮತ್ತು ವಾಂತಿ ಇತ್ತು. ವಿಚಾರಿಸಿದಾಗ ತಿಳಿದುದಿಷ್ಟು. ತಾಯಿ ಕೆಲಸ ಮಾಡುವ ಮನೆಯಲ್ಲಿ ಹಿಂದಿನ ದಿನ ಹುಟ್ಟುಹಬ್ಬದ ಸಮಾರಂಭ ನಡೆದಿತ್ತು. ಉಳಿದ ಮೊಟ್ಟೆ ಪಫ್‌ಗಳನ್ನು ಆಕೆಗೆ ಕೊಟ್ಟು ಕಳುಹಿಸಿದ್ದರು. ರಾತ್ರಿ ಅವು ಅಡಿಗೆಮನೆಯ ಗೂಡಿನಲ್ಲಿದ್ದವು. ಬೆಳಿಗ್ಗೆ ಕಾವಲಿಯ ಮೇಲೆ ಬಿಸಿ ಮಾಡಿ ತಂದೆಯೂ ಮಗುವೂ ತಿಂದಿದ್ದರು. ಮೂರು ಗಂಟೆಯೊಳಗೆ ವಾಂತಿ ಆರಂಭವಾಗಿತ್ತು.

ಆ ತಾಯಿ ಕೇಳಿದ ಪ್ರಶ್ನೆ ಇದು: "ಹಾಗೇ ಕೊಡಲಿಲ್ಲ ಡಾಕ್ಟ್ರೇ, ಹೊಗೆ ಬರೋ ಹಾಗೆ ಕಾಯಿಸೇ ಕೊಟ್ಟೆ. ಆದರೂ ಯಾಕೆ ಹೀಗಾಯ್ತು?"

ಈ ಪ್ರಶ್ನೆಗೆ ಉತ್ತರವನ್ನು ತಿಳಿದುಕೊಂಡರೆ ಈ ಲೇಖನದ ಸಾರವನ್ನೆಲ್ಲ ತಿಳಿದುಕೊಂಡಂತೆಯೇ. ಬೆಂಕಿಯು ಗಟ್ಟಿಯಾದ ಬ್ರೆಡ್ಡನ್ನು ಮೃದುವಾಗಿ ಮಾಡಬಲ್ಲುದು. ಆದರೆ ಕೆಟ್ಟುಹೋದ ಆಹಾರವನ್ನು ಒಳ್ಳೆಯದನ್ನಾಗಿ ಮಾಡಲಾರದು.

ಬ್ರೆಡ್ಡು ಗಟ್ಟಿಯಾಗುವುದೇಕೆ?

ಬ್ರೆಡ್ಡು ಮರುದಿನ ಗಟ್ಟಿಯಾಗುವುದು ಅದರ ನೀರು ಆರಿಹೋದುದರಿಂದ ಮಾತ್ರವೇ ಎಂದು ಅನೇಕರು ತಿಳಿದಿದ್ದಾರೆ. ಇದು ಪೂರ್ಣ ನಿಜವಲ್ಲ. ಹಿಟ್ಟಿನಲ್ಲಿರುವ ಪಿಷ್ಟವು ಒಲೆಯಲ್ಲಿ ಬೇಯುವಾಗ ನೀರನ್ನು ಹೀರಿ ಉಬ್ಬಿ ಮೃದುವಾಗುತ್ತದೆ. ತಣ್ಣಗಾದ ಮೇಲೆ ಪಿಷ್ಟದ ಕಣಗಳು ಪುನಃ ಒತ್ತೊತ್ತಾಗಿ ಜೋಡಿಸಿಕೊಂಡು ಬಿಗಿಯಾಗುತ್ತವೆ. ರಾತ್ರಿಯ ಮುದ್ದೆಯೂ ಅನ್ನವೂ ಬೆಳಗಾಗುವಷ್ಟರಲ್ಲಿ ಗಟ್ಟಿಯಾಗುವುದು ಇದೇ ಕಾರಣದಿಂದ. ಸುಮಾರು 60 ಡಿಗ್ರಿ ಸೆಂಟಿಗ್ರೇಡಿಗಿಂತ ಹೆಚ್ಚಿನ ಶಾಖ ತಗುಲಿದಾಗ ಈ ಬಿಗಿತವು ಸಡಿಲಗೊಂಡು ಬ್ರೆಡ್ಡು ಮತ್ತೆ ಮೃದುವಾಗುತ್ತದೆ. ಆದರೆ ತಣ್ಣಗಾದ ಕೂಡಲೇ ಮೊದಲಿಗಿಂತ ಬೇಗ ಗಟ್ಟಿಯಾಗುತ್ತದೆ. ಆದುದರಿಂದ ಬಿಸಿ ಮಾಡಿದುದನ್ನು ಆಗಲೇ ತಿನ್ನಬೇಕು.

ರೆಫ್ರಿಜರೇಟರಿನ ತಂಪಿನಲ್ಲಿ ಬ್ರೆಡ್ಡು ಹೊರಗಿಗಿಂತ ಬೇಗ ಗಟ್ಟಿಯಾಗುತ್ತದೆ. ಆದರೆ ಬೂಷ್ಟು ಹಿಡಿಯುವುದು ನಿಧಾನವಾಗುತ್ತದೆ. ಒಂದೆರಡು ದಿನಗಳಲ್ಲಿ ತಿಂದು ಮುಗಿಸುವುದಾದರೆ ಒಣಗಿದ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಒಲೆಯ ಕಾವು ತಗುಲದೆಡೆ ಇಟ್ಟರೆ ಸಾಕು. ಕೇವಲ ಗಟ್ಟಿಯಾಗಿರುವ ಬ್ರೆಡ್ಡಿನಿಂದ ಯಾವ ಅಪಾಯವೂ ಇಲ್ಲ. ಅದನ್ನು ಚೆಲ್ಲುವ ಕಾರಣವಿಲ್ಲ.

ಕೆಟ್ಟುಹೋಗುವುದೆಂದರೇನು?

ಗಟ್ಟಿಯಾಗುವುದು ಬೇರೆ, ಕೆಡುವುದು ಬೇರೆ. ಬೇಕರಿಯ ತಿಂಡಿಗಳು ಮುಖ್ಯವಾಗಿ ಮೂರು ವಿಧದಲ್ಲಿ ಕೆಡುತ್ತವೆ.

ಮೊದಲನೆಯದು ಬೂಷ್ಟು. ಹಸಿರು, ಕಪ್ಪು ಅಥವಾ ಬಿಳಿಯ ಚುಕ್ಕೆಗಳಾಗಿ ಇದು ಕಾಣಿಸಿಕೊಳ್ಳುತ್ತದೆ. ಆ ಭಾಗವನ್ನು ಮಾತ್ರ ಕಿತ್ತೆಸೆದು ಮಿಕ್ಕುದನ್ನು ಸುಟ್ಟು ತಿನ್ನುವವರಿದ್ದಾರೆ. ಇದು ತಪ್ಪು. ಬ್ರೆಡ್ಡು ಮೃದುವಾದ, ಸಣ್ಣ ಸಣ್ಣ ರಂಧ್ರಗಳುಳ್ಳ ಪದಾರ್ಥ. ಮೇಲೆ ಒಂದು ಚುಕ್ಕೆ ಕಾಣುವ ವೇಳೆಗೆ ಬೂಷ್ಟಿನ ಎಳೆಗಳು ಕಣ್ಣಿಗೆ ಕಾಣದಂತೆ ಒಳಗೆ ಹರಡಿರುತ್ತವೆ. ಕೆಲವು ಜಾತಿಯ ಬೂಷ್ಟುಗಳು ಅಫ್ಲಟಾಕ್ಸಿನ್‌ನಂತಹ ವಿಷಗಳನ್ನು ತಯಾರಿಸುತ್ತವೆ. ಇವು ಯಕೃತ್ತಿಗೆ ಹಾನಿಕರ. ಅಡಿಗೆಯ ಶಾಖದಿಂದ ನಾಶವಾಗುವುದಿಲ್ಲ. 1974ರಲ್ಲಿ ರಾಜಸ್ಥಾನ ಮತ್ತು ಗುಜರಾತಿನ ಬುಡಕಟ್ಟು ಪ್ರದೇಶಗಳಲ್ಲಿ ಬೂಷ್ಟು ಹಿಡಿದ ಮುಸುಕಿನ ಜೋಳವನ್ನು ಆಹಾರವಾಗಿ ಬಳಸಿ ನೂರಕ್ಕೂ ಹೆಚ್ಚು ಮಂದಿ ಯಕೃತ್ತಿನ ರೋಗದಿಂದ ಮರಣಹೊಂದಿದರು. ಬ್ರೆಡ್ಡಿನ ಒಂದು ಚೂರಿನಿಂದ ಅಂತಹ ವಿಪತ್ತು ಬರುವುದಿಲ್ಲವಾದರೂ, ಬೂಷ್ಟಿನ ವಿಷಕ್ಕೆ ಬೆಂಕಿ ಮದ್ದಲ್ಲವೆಂಬುದನ್ನು ಮರೆಯಬಾರದು.

ಎರಡನೆಯದು ಅಂಟುಗಟ್ಟುವುದು. ಬ್ರೆಡ್ಡನ್ನು ಮುರಿದು ಎಳೆದಾಗ ಒಳಭಾಗವು ಅಂಟಂಟಾಗಿ, ನೂಲಿನಂತೆ ಎಳೆಯೆಳೆಯಾಗಿ ಬರುವುದುಂಟು. ಜೊತೆಗೆ ಅತಿಯಾಗಿ ಮಾಗಿದ ಹಣ್ಣಿನಂತಹ ವಾಸನೆಯಿರುತ್ತದೆ. ಹಿಟ್ಟಿನಲ್ಲಿದ್ದ ಕೆಲವು ಸೂಕ್ಷ್ಮಜೀವಿಗಳ ಬೀಜಾಣುಗಳು ಬೇಕರಿಯ ಒಲೆಯಲ್ಲಿಯೂ ಸಾಯದೆ ಉಳಿದು, ಸೆಕೆಯ ದಿನಗಳಲ್ಲಿ ಮೊಳೆತು ಬೆಳೆಯುವುದೇ ಇದಕ್ಕೆ ಕಾರಣ. ಬೇಕರಿಯ ದೊಡ್ಡ ಒಲೆಗೆ ಜಗ್ಗದ ಬೀಜಾಣುಗಳು ನಮ್ಮ ಮನೆಯ ಕಾವಲಿಗೆ ಜಗ್ಗುವವೇ? ಇಂತಹ ಬ್ರೆಡ್ಡನ್ನು ತಿನ್ನಬಾರದು.

ಮೂರನೆಯದು ಎಲ್ಲಕ್ಕಿಂತ ಮೋಸಕರವಾದುದು. ಏಕೆಂದರೆ ಕಣ್ಣಿಗೂ ಮೂಗಿಗೂ ಏನೂ ತಿಳಿಯುವುದಿಲ್ಲ. ಮೊಟ್ಟೆ, ಆಲೂಗಡ್ಡೆ ಪಲ್ಯ, ಮಾಂಸ ಅಥವಾ ಕ್ರೀಮ್ ತುಂಬಿದ ತಿಂಡಿಗಳಲ್ಲಿ ನೀರಿನ ಅಂಶವೂ ಪೋಷಕಾಂಶಗಳೂ ಹೇರಳವಾಗಿರುವುದರಿಂದ ರೋಗಾಣುಗಳು ಶೀಘ್ರವಾಗಿ ವೃದ್ಧಿಯಾಗುತ್ತವೆ. ಮುಟ್ಟುವವರ ಕೈಯಿಂದ, ಮೂಗಿನಿಂದ, ಬೆರಳಿನ ಗಾಯದಿಂದ ಸ್ಟ್ಯಾಫಿಲೊಕಾಕಸ್ ಎಂಬ ರೋಗಾಣುಗಳು ಆಹಾರವನ್ನು ಸೇರುತ್ತವೆ. 5 ರಿಂದ 60 ಡಿಗ್ರಿ ಸೆಂಟಿಗ್ರೇಡ್ ನಡುವಿನ ಉಷ್ಣತೆ ರೋಗಾಣುಗಳ ಬೆಳವಣಿಗೆಗೆ ಅನುಕೂಲಕರ. ನಮ್ಮ ಅಡಿಗೆಮನೆಯ ಗೂಡಿನ ಉಷ್ಣತೆ ಹಗಲಿರುಳೂ ಇದರೊಳಗೇ ಇರುತ್ತದೆ. ರಾತ್ರಿಯಿಡೀ ಬೆಳೆದ ಈ ರೋಗಾಣುಗಳು ಆಹಾರದಲ್ಲಿ ವಿಷವನ್ನು ಬಿಡುತ್ತವೆ. ಬೆಳಿಗ್ಗೆ ಬಿಸಿ ಮಾಡಿದಾಗ ರೋಗಾಣುಗಳು ಸಾಯಬಹುದು. ಅವು ಬಿಟ್ಟ ವಿಷವು ಉಳಿದೇ ಇರುತ್ತದೆ. ತಿಂದ ಒಂದರಿಂದ ಆರು ಗಂಟೆಯೊಳಗೆ ವಾಂತಿ, ಹೊಟ್ಟೆನೋವು, ಭೇದಿಗಳು ಉಂಟಾಗುತ್ತವೆ.

ಲಕ್ಷಣಗಳನ್ನು ನೋಡಿದರೆ ಮೇಲೆ ಹೇಳಿದ ಮಗುವಿಗೂ ತಂದೆಗೂ ಆದುದು ಇದೇ. ತಾಯಿ ಕಾಯಿಸಿದುದರಲ್ಲಿ ಕೊರತೆಯಿರಲಿಲ್ಲ. ಕಾಯಿಸುವ ಮುನ್ನವೇ ಕಾಲ ಮಿಂಚಿತ್ತು.

ಬಿಸಿ ಮಾಡುವ ಸರಿಯಾದ ವಿಧಾನ

ಮೊದಲು ಬೆಳಕಿನಲ್ಲಿ ಹಿಡಿದು ಎರಡು ಬದಿಯನ್ನೂ ನೋಡಿರಿ, ಮುರಿದು ನೋಡಿರಿ. ಪೊಟ್ಟಣದ ಮೇಲೆ ಮುದ್ರಿಸಿರುವ ದಿನಾಂಕವನ್ನು ಓದಿರಿ. ಅನುಮಾನವಿಲ್ಲದಿದ್ದರೆ ಮಾತ್ರ ಮುಂದುವರಿಯಿರಿ.

1. ಬ್ರೆಡ್ಡಿನ ಹೋಳುಗಳು: ಕಾವಲಿಯನ್ನು ಸಣ್ಣ ಉರಿಯಲ್ಲಿ ಕಾಯಿಸಿ, ಪ್ರತಿಯೊಂದು ಬದಿಯನ್ನೂ ಒಂದೆರಡು ನಿಮಿಷ ಹೊಂಬಣ್ಣ ಬರುವವರೆಗೆ ಸುಡಿರಿ. ಕರಿಕಾಗುವಂತೆ ಸುಡಬೇಡಿರಿ.

2. ಬನ್ನು: ಇಡ್ಲಿ ಪಾತ್ರೆಯಲ್ಲಿ ನೀರು ಕುದಿದ ಮೇಲೆ ತಟ್ಟೆಯಲ್ಲಿಟ್ಟು ಎರಡು ಮೂರು ನಿಮಿಷ ಹಬೆಯಲ್ಲಿಡಿರಿ. ಗಟ್ಟಿಯಾದ ಬನ್ನು ಹೊಸದರಂತೆ ಮೃದುವಾಗುತ್ತದೆ. ಖಾರದ ಬನ್ನಿಗೂ ಇದೇ ವಿಧಾನ.

3. ರಸ್ಕು ಮತ್ತು ಬಿಸ್ಕತ್ತು: ಗಾಳಿಯ ತೇವದಿಂದ ಮೆತ್ತಗಾಗಿದ್ದರೆ ಸಣ್ಣ ಉರಿಯ ಕಾವಲಿಯ ಮೇಲೆ ಬೆಚ್ಚಗೆ ಮಾಡಿ, ಪೂರ್ತಿ ಆರಿದ ಮೇಲೆ ಡಬ್ಬಿಗೆ ತುಂಬಿರಿ. ಬಿಸಿಯಿರುವಾಗಲೇ ಮುಚ್ಚಿದರೆ ಒಳಗೆ ಬೆವೆತು ಬೂಷ್ಟಿಗೆ ದಾರಿಯಾಗುತ್ತದೆ.

4. ತರಕಾರಿ ಅಥವಾ ಮೊಟ್ಟೆಯ ಪಫ್: ತಂದ ದಿನವೇ ತಿನ್ನುವುದು ಉತ್ತಮ. ತಯಾರಾದ ಎರಡು ಗಂಟೆಯೊಳಗೆ, ಕಡುಬೇಸಿಗೆಯಲ್ಲಿ ಒಂದು ಗಂಟೆಯೊಳಗೆ, ರೆಫ್ರಿಜರೇಟರಿನಲ್ಲಿ ಇಟ್ಟಿದ್ದರೆ ಮಾತ್ರ ಮರುದಿನ ತಿನ್ನಬಹುದು. ಮುಚ್ಚಳವಿಟ್ಟು ಸಣ್ಣ ಉರಿಯಲ್ಲಿ, ಒಳಗಿನ ಪಲ್ಯದಿಂದ ಹಬೆ ಏಳುವವರೆಗೆ ಕಾಯಿಸಿರಿ. ಮೇಲಿನ ಪದರ ಬಿಸಿಯಾದ ಮಾತ್ರಕ್ಕೆ ಒಳಗೂ ಬಿಸಿಯಾಯಿತೆಂದು ತಿಳಿಯಬಾರದು. ಮೈಕ್ರೋವೇವ್ ಒಲೆಯಲ್ಲಿಯೂ ಶಾಖವು ಒಂದೇ ಸಮನಾಗಿ ಹರಡುವುದಿಲ್ಲ.

5. ಕ್ರೀಮ್ ತುಂಬಿದ ಬನ್ನು ಮತ್ತು ಕೇಕು: ಇವನ್ನು ಬಿಸಿ ಮಾಡುವ ಪ್ರಶ್ನೆಯೇ ಇಲ್ಲ. ಹೊರಗೆ ಉಳಿದಿದ್ದರೆ ಎಸೆಯಬೇಕು.

ಯಾವುದನ್ನೇ ಆಗಲಿ ಒಮ್ಮೆ ಮಾತ್ರ ಬಿಸಿ ಮಾಡಬೇಕು. ತಿನ್ನುವಷ್ಟನ್ನೇ ಬಿಸಿ ಮಾಡಬೇಕು. ಪ್ಲಾಸ್ಟಿಕ್ ಪೊಟ್ಟಣದ ಸಹಿತ ಬಿಸಿ ಮಾಡಕೂಡದು. ಬಿಸಿಯಾದ ಎಣ್ಣೆ ತಿಂಡಿಯನ್ನು ಹಳೆಯ ವೃತ್ತಪತ್ರಿಕೆಯಲ್ಲಿ ಸುತ್ತಬಾರದು. ಮುದ್ರಣದ ಶಾಯಿಯು ಆಹಾರಕ್ಕೆ ಅಂಟುವುದರಿಂದ ಭಾರತೀಯ ಆಹಾರ ಸುರಕ್ಷತೆ ಮತ್ತು ಮಾನಕ ಪ್ರಾಧಿಕಾರವು 2016ರಲ್ಲಿಯೇ ಈ ಬಗ್ಗೆ ಎಚ್ಚರಿಕೆ ನೀಡಿದೆ.

ಎಳೆಯ ಮಕ್ಕಳು ಮತ್ತು ಗರ್ಭಿಣಿಯರು

ಎರಡು ವರ್ಷದೊಳಗಿನ ಮಕ್ಕಳಿಗೂ ಗರ್ಭಿಣಿಯರಿಗೂ ತುಂಬಿದ ತಿಂಡಿಗಳ ಉಳಿಕೆಯನ್ನು ಕೊಡಲೇಬಾರದು. ದೊಡ್ಡವರಿಗೆ ಒಂದು ದಿನದ ತೊಂದರೆಯಾಗಿ ಹೋಗುವ ವಾಂತಿಭೇದಿಯು ಎಳೆಯ ಮಗುವಿನ ದೇಹದ ನೀರನ್ನು ಕೆಲವೇ ಗಂಟೆಗಳಲ್ಲಿ ಬರಿದು ಮಾಡಬಲ್ಲುದು. ಆರು ತಿಂಗಳು ತುಂಬಿದ ಮಗುವಿಗೆ ಎದೆಹಾಲಿನ ಜೊತೆಗೆ ಆಗ ತಾನೇ ಮಾಡಿದ ರಾಗಿ ಗಂಜಿ, ಬೇಳೆ ಕಿವುಚಿದ ಅನ್ನ, ಬೆಂದ ಮೊಟ್ಟೆ, ಬಾಳೆಹಣ್ಣು ಕೊಡಿರಿ. ಚಹಾದಲ್ಲಿ ಅದ್ದಿದ ರಸ್ಕು ಮಗುವಿನ ಹೊಟ್ಟೆಯನ್ನು ತುಂಬುತ್ತದೆಯೇ ಹೊರತು ಮೈಯನ್ನು ಬೆಳೆಸುವುದಿಲ್ಲ.

ಕೆಟ್ಟುದನ್ನು ಏನು ಮಾಡಬೇಕು?

"ನಾವು ತಿನ್ನದಿದ್ದರೇನು, ಹಸುವಿಗೆ ಹಾಕಿದರಾಯಿತು" ಎನ್ನುವವರಿದ್ದಾರೆ. ಬೂಷ್ಟು ಹಿಡಿದುದನ್ನು ಹಸುವಿಗೂ ಹಾಕಬಾರದು, ಕೋಳಿಗೂ ಹಾಕಬಾರದು. ಹಸು ತಿಂದ ಅಫ್ಲಟಾಕ್ಸಿನ್‌ನ ಒಂದಂಶವು ರೂಪಾಂತರ ಹೊಂದಿ ಹಾಲಿನಲ್ಲಿ ಹೊರಬರುತ್ತದೆ. ಆ ಹಾಲನ್ನು ಕುಡಿಯುವುದು ನಮ್ಮ ಮಕ್ಕಳೇ. ಅಲ್ಲದೆ ಬ್ರೆಡ್ಡನ್ನು ರಾಶಿಯಾಗಿ ತಿಂದ ಹಸುವಿನ ಹೊಟ್ಟೆಯಲ್ಲಿ ಹುಳಿ ಹೆಚ್ಚಿ ಅದರ ಜೀವಕ್ಕೂ ಅಪಾಯವಾಗಬಹುದು. ಕೆಟ್ಟುದನ್ನು ಗೊಬ್ಬರದ ಗುಂಡಿಗೆ ಹಾಕಿ ಮಣ್ಣು ಮುಚ್ಚುವುದೇ ಸರಿಯಾದ ಮಾರ್ಗ.

ವಾಂತಿಭೇದಿಯಾದರೆ

ಗಾಬರಿಪಡದೆ ಓ.ಆರ್.ಎಸ್. ಪುಡಿಯ ಒಂದು ಲೀಟರಿನ ಪೊಟ್ಟಣವನ್ನು ಪೂರ್ತಿಯಾಗಿ ಒಂದು ಲೀಟರ್ ಕುಡಿಯುವ ನೀರಿನಲ್ಲಿ ಕರಗಿಸಿರಿ. ಪುಡಿ ದೊರೆಯದಿದ್ದಲ್ಲಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಮ ಚಹಾ ಚಮಚ ಸಕ್ಕರೆ, ಅರ್ಧ ಸಮ ಚಹಾ ಚಮಚ ಉಪ್ಪು ಬೆರೆಸಿರಿ. ಪ್ರತಿ ಭೇದಿಯ ನಂತರ ಎರಡು ವರ್ಷದೊಳಗಿನ ಮಗುವಿಗೆ 50 ರಿಂದ 100 ಮಿಲಿಲೀಟರ್, ಅದಕ್ಕಿಂತ ದೊಡ್ಡ ಮಗುವಿಗೆ 100 ರಿಂದ 200 ಮಿಲಿಲೀಟರ್ ಕುಡಿಸಿರಿ. ವಾಂತಿಯಾದರೆ ಹತ್ತು ನಿಮಿಷ ತಡೆದು ಚಮಚದಿಂದ ಸ್ವಲ್ಪ ಸ್ವಲ್ಪವಾಗಿ ಕೊಡಿರಿ. 24 ಗಂಟೆಯ ನಂತರ ಉಳಿದ ದ್ರಾವಣವನ್ನು ಚೆಲ್ಲಿ ಹೊಸದನ್ನು ತಯಾರಿಸಿರಿ. ಎದೆಹಾಲನ್ನು ನಿಲ್ಲಿಸಬಾರದು. ಭೇದಿಯಾದ ಮಗುವಿಗೆ ವೈದ್ಯರ ಅಥವಾ ಆಶಾ ಕಾರ್ಯಕರ್ತೆಯ ಸಲಹೆಯಂತೆ 14 ದಿನ ಸತುವಿನ ಮಾತ್ರೆಯನ್ನೂ ಕೊಡಬೇಕು.

ಮಲದಲ್ಲಿ ರಕ್ತ, ಗುಳಿಬಿದ್ದ ಕಣ್ಣುಗಳು, ನಿಲ್ಲದ ವಾಂತಿ, ಮಂಪರು, ಏನನ್ನೂ ಕುಡಿಯಲಾಗದ ಸ್ಥಿತಿ, ಆರು ಗಂಟೆಯಿಂದ ಮೂತ್ರ ಹೋಗದಿರುವುದು — ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಆರೋಗ್ಯ ಕೇಂದ್ರಕ್ಕೆ ಕರೆತನ್ನಿರಿ, ಇಲ್ಲವೇ 108ಕ್ಕೆ ಕರೆ ಮಾಡಿರಿ. ಮೇಲೆ ಹೇಳಿದ ಮಗು ಓ.ಆರ್.ಎಸ್. ದ್ರಾವಣದಿಂದಲೇ ಸಂಜೆಯ ವೇಳೆಗೆ ಚೇತರಿಸಿಕೊಂಡು ತಂದೆಯ ಕೈ ಹಿಡಿದು ನಡೆದು ಮನೆಗೆ ಹೋಯಿತು.

ಇಬ್ಬರ ಹೊಣೆ

ಅಡಿಗೆಮನೆ ಹೆಂಗಸರದು, ತಾನು ತಂದು ಹಾಕಿದರೆ ಮುಗಿಯಿತು ಎಂದು ಗಂಡನು ಭಾವಿಸಬಾರದು. ರಾತ್ರಿ ಪೊಟ್ಟಣ ತರುವವನು ಅದರ ಮೇಲಿನ ದಿನಾಂಕವನ್ನು ಓದಿ ಕೊಳ್ಳಲಿ; ಮನೆಮಂದಿ ಆ ದಿನ ತಿನ್ನುವಷ್ಟನ್ನೇ ತರಲಿ. ಬೇರೆಯವರ ಮನೆಯಿಂದ ತಿಂಡಿ ಕೊಟ್ಟಾಗ, ಇದು ಎಷ್ಟು ಹೊತ್ತಿಗೆ ಬಂದುದು, ಎಲ್ಲಿ ಇಟ್ಟಿದ್ದರು ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಕೊಡುವವರಾದರೂ ತಾವು ತಿನ್ನಲು ಹಿಂಜರಿಯುವುದನ್ನು ಮತ್ತೊಬ್ಬರ ಮಕ್ಕಳಿಗೆ ಕೊಡಬಾರದು.

ಗಟ್ಟಿಯಾದುದನ್ನು ಬಿಸಿ ಮಾಡಿ ತಿನ್ನಿರಿ. ಕೆಟ್ಟುದನ್ನು ಗುಂಡಿಗೆ ಹಾಕಿರಿ. ಅನುಮಾನ ಬಂದುದನ್ನು ಕೆಟ್ಟುದೆಂದೇ ಎಣಿಸಿರಿ. ನಾಲ್ಕು ಪಫ್‌ಗಳನ್ನು ಎಸೆದರೆ ಆಗುವ ನಷ್ಟ ಅಲ್ಪ. ಮಗು ಮಲಗಿದರೆ ತಂದೆತಾಯಿಯರಿಬ್ಬರ ಒಂದು ದಿನದ ಕೂಲಿಯೂ ಹೋಗುತ್ತದೆ, ಮನೆಯ ನೆಮ್ಮದಿಯೂ ಹೋಗುತ್ತದೆ.