ವಿಡಿಯೋ ಗೇಮಿನ ಕಥೆಗಳಲ್ಲಿ ಅಮ್ಮ ಎಲ್ಲಿ?

ಮಕ್ಕಳು ಮೊಬೈಲ್ ಹಿಡಿದು ಆಟಕ್ಕೆ ಕೂತರೆಂದರೆ ನಮ್ಮೆಲ್ಲರ ಮನೆಯಲ್ಲೂ ಒಂದೇ ಗೋಳು. ಕರೆದರೆ ಕಿವಿ ಕೇಳಿಸದು, ಬಡಿಸಿದ ಸಾರು ಆರಿ ತಣ್ಣಗಾದರೂ ಎಚ್ಚರವಿರದು. ಅದರೊಳಗೆ ಏನಿದೆ ಅಂತ ಇಣುಕಿದರೆ ನಮಗೆ ತಲೆಬುಡ ತಿಳಿಯೋದಿಲ್ಲ. ಆದರೆ ಸೋದರಿಯರೇ, ಕಥೆ ಓದುವುದು ನಮಗೆ ಗೊತ್ತಲ್ಲ! ವಿಡಿಯೋ ಗೇಮನ್ನೇ ಹೂರಣವಾಗಿಟ್ಟುಕೊಂಡ ಕಾದಂಬರಿಗಳು, ಚಿತ್ರಕಥೆಗಳು ಹೊರದೇಶಗಳಲ್ಲಿ ಬೇಕಾದಷ್ಟು ಬಂದಿವೆ. ಅವುಗಳಲ್ಲಿ ಆಡುವ ಮಕ್ಕಳ ಜೊತೆಗೆ ಪಕ್ಕದಲ್ಲಿರುವ ದೊಡ್ಡವರನ್ನೂ ಸ್ವಲ್ಪ ಗಮನಿಸಿ. ನಮಗೆ ಬೇಕಾದ ವಿಷಯ ಅಲ್ಲಿದೆ.

ಮೊದಲು ಜಪಾನಿನ ಮಾತು. ಅಲ್ಲಿ ಚಿತ್ರಕಥೆಗೆ ಮಾಂಗಾ ಎನ್ನುತ್ತಾರೆ. 1978ರಲ್ಲಿ 'ಸ್ಪೇಸ್ ಇನ್ವೇಡರ್ಸ್' ಎಂಬ ಆಟ ಬಂದು ಜಪಾನಿನ ಮಕ್ಕಳೆಲ್ಲ ಅದಕ್ಕೆ ಮುಗಿಬಿದ್ದರು. ಅದರ ಬೆನ್ನಲ್ಲೇ ಮಿತ್ಸುರು ಸುಗಾಯಾ ಎಂಬ ಚಿತ್ರಕಥೆಗಾರರು ಮಕ್ಕಳ ಪತ್ರಿಕೆಯೊಂದರಲ್ಲಿ 'ಗೇಮ್ ಸೆಂಟರ್ ಅರಾಶಿ' ಎಂಬ ಕಥೆ ಬರೆದರು. ಹಲ್ಲುಬ್ಬ ಹುಡುಗ ಅರಾಶಿಯೇ ಅದರ ವೀರ. ಗೆಲ್ಲುವುದೊಂದೇ ಅವನಿಗೆ ಗೊತ್ತು. ಸುಗಾಯಾ ಅಷ್ಟಕ್ಕೇ ನಿಲ್ಲಲಿಲ್ಲ. 1982ರಲ್ಲಿ ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವುದು ಹೇಗೆಂದು ಮಕ್ಕಳಿಗೆ ಕಲಿಸುವ ಚಿತ್ರಕಥೆಯನ್ನೂ ತಂದರು. ಹುಚ್ಚಿನ ಬಾಲ ಹಿಡಿದೇ ವಿದ್ಯೆಯ ಕಡೆಗೆ ಎಳೆದರು ನೋಡಿ!

ಈಚಿನ ಮಾಂಗಾ ಒಂದಿದೆ, ರೆನ್ಸುಕೆ ಓಶಿಕಿರಿಯವರ 'ಹೈ ಸ್ಕೋರ್ ಗರ್ಲ್'. 2010ರಿಂದ 2018ರವರೆಗೆ ಧಾರಾವಾಹಿಯಾಗಿ ಬಂತು. ಕಥೆ ಶುರುವಾಗುವುದು 1991ರಲ್ಲಿ. ಓದಿನಲ್ಲಿ ಹಿಂದುಳಿದ ಹುಡುಗ ಹಾರುವೊ. ಸಿರಿವಂತರ ಮನೆಯ ಜಾಣೆ ಅಕಿರಾ. 'ಸ್ಟ್ರೀಟ್ ಫೈಟರ್' ಆಟದಲ್ಲಿ ಈ ಹುಡುಗಿ ಅವನನ್ನು ಮಣ್ಣು ಮುಕ್ಕಿಸುತ್ತಾಳೆ. ಅಕಿರಾ ಬಾಯಿಬಿಟ್ಟು ಮಾತಾಡುವವಳಲ್ಲ. ಮನೆಯಲ್ಲಿ ಪಾಠ ಹೇಳುವಾಕೆ ಬಲು ಕಟ್ಟುನಿಟ್ಟು, ಉಸಿರು ಬಿಡಲೂ ಪುರುಸೊತ್ತಿಲ್ಲ. ಅದಕ್ಕೇ ಕದ್ದು ಆಡಲು ಬರುತ್ತಾಳೆ. ಹಾರುವೊನ ತಾಯಿಯೋ, ಮಗನ ಆಟದ ಹುಚ್ಚಿಗೆ ನಗುತ್ತಲೇ, ಮನೆಗೆ ಬಂದ ಅವನ ಗೆಳೆಯರನ್ನೆಲ್ಲ ಪ್ರೀತಿಯಿಂದ ಉಪಚರಿಸುತ್ತಾಳೆ. ಮಗ ಯಾರ ಜೊತೆ ಆಡುತ್ತಾನೆ ಅನ್ನೋದು ಅವಳಿಗೆ ಗೊತ್ತು. ಗದರಿಸಿದ ಮನೆಯ ಹುಡುಗಿ ಕದ್ದು ಓಡಿದಳು, ಬಾಗಿಲು ತೆರೆದ ಮನೆಗೆ ಮಕ್ಕಳೇ ಬಂದರು.

ಈಗ ಅಮೆರಿಕದ ಕಡೆ ಬನ್ನಿ. ಆರ್ಸನ್ ಸ್ಕಾಟ್ ಕಾರ್ಡ್ ಅವರ 'ಎಂಡರ್ಸ್ ಗೇಮ್' ಕಾದಂಬರಿ ಅಚ್ಚಾದದ್ದು 1985ರಲ್ಲಿ. ಆರು ವರ್ಷದ ಎಂಡರ್‌ನನ್ನು ಸೈನ್ಯದವರು ಮನೆಯಿಂದ ಕರೆದೊಯ್ದು ಯುದ್ಧದ ಆಟಗಳಲ್ಲಿ ಪಳಗಿಸುತ್ತಾರೆ. ಕೊನೆಯ ಪರೀಕ್ಷೆ ಎಂದುಕೊಂಡು ಅವನು ಗೆದ್ದ ಆಟ ನಿಜವಾದ ಯುದ್ಧವಾಗಿತ್ತು! ಬೇರೆ ಲೋಕದ ಒಂದು ಜನಾಂಗವೇ ನಾಶವಾದ ಮೇಲೆ ಅವನಿಗೆ ಸತ್ಯ ತಿಳಿಯುತ್ತದೆ. ಇಲ್ಲಿ ಕೆಡುಕು ಮಾಡಿದ್ದು ಆಟವೇ? ಮಗುವಿಗೆ ಸುಳ್ಳು ಹೇಳಿ ದುಡಿಸಿಕೊಂಡ ದೊಡ್ಡವರಲ್ಲವೇ?

ದುಡ್ಡಿನ ವಿಷಯ ಬೇಕಾದರೆ 2014ರ 'ಇನ್ ರಿಯಲ್ ಲೈಫ್' ಎಂಬ ಚಿತ್ರಕಾದಂಬರಿ ಇದೆ. ಬರೆದವರು ಕೋರಿ ಡಾಕ್ಟರೋ, ಚಿತ್ರ ಜೆನ್ ವಾಂಗ್ ಅವರದು. ಶಾಲೆಗೆ ಹೋಗುವ ಆಂಡಾ ಎಂಬ ಹುಡುಗಿ ಇಂಟರ್‌ನೆಟ್‌ನಲ್ಲಿ ಆಡುತ್ತಾ, ಆಟದೊಳಗೆ ಕೆಲವರನ್ನು ಹೊಡೆದುಹಾಕಿ ದುಡ್ಡು ಪಡೆಯುತ್ತಾಳೆ. ಆ 'ಕೆಲವರು' ಯಾರು ಗೊತ್ತೇ? ಆಟದ ಚಿನ್ನ ಗಳಿಸಿ ಮಾರುವ ಕೆಲಸಕ್ಕೆ ಕೂತ ಚೀನಾದ ಬಡ ಹುಡುಗರು. ಅವರಲ್ಲೊಬ್ಬ ರೇಮಂಡ್. ಮೈ ನೋವಾದರೂ ಅವನಿಗೆ ವೈದ್ಯರಿಲ್ಲ. ಆಂಡಾಳ ಉಪದೇಶ ಕೇಳಿ ಹಕ್ಕು ಕೇಳಲು ಹೋದವನು ಕೆಲಸವನ್ನೇ ಕಳೆದುಕೊಳ್ಳುತ್ತಾನೆ. ಇತ್ತ ಗುರುತಿಲ್ಲದವರಿಂದ ಮಗಳಿಗೆ ಹಣ ಬರುತ್ತಿದೆಯೆಂದು ತಿಳಿದ ತಾಯಿ ಆಟ ನಿಲ್ಲಿಸಿಬಿಡುತ್ತಾಳೆ. ಆ ತಾಯಿಯ ಹೆದರಿಕೆ ನಮಗೆಲ್ಲ ಅರ್ಥವಾಗುವಂಥದ್ದೇ.

ಕೊನೆಯದು ಗೇಬ್ರಿಯಲ್ ಜೆವಿನ್ ಅವರ 'ಟುಮಾರೋ ಅಂಡ್ ಟುಮಾರೋ ಅಂಡ್ ಟುಮಾರೋ', 2022ರ ಕಾದಂಬರಿ. ಅಪಘಾತದಲ್ಲಿ ತಾಯಿಯನ್ನು ಕಳೆದುಕೊಂಡು, ಕಾಲು ಜಜ್ಜಿಹೋಗಿ ಆಸ್ಪತ್ರೆ ಸೇರಿದ ಸ್ಯಾಮ್ ಯಾರೊಡನೆಯೂ ಮಾತಾಡುತ್ತಿರಲಿಲ್ಲ. ಅಕ್ಕನನ್ನು ನೋಡಲು ಬಂದ ಸೇಡಿ ಎಂಬ ಹುಡುಗಿ ಅವನ ಪಕ್ಕ ಕೂತು 'ಮಾರಿಯೋ' ಆಡುತ್ತಾಳೆ, ಹುಡುಗ ಬಾಯಿ ಬಿಡುತ್ತಾನೆ! ಆದರೆ ಸೇಡಿ ಆ ಹೊತ್ತನ್ನೆಲ್ಲ ಸಮಾಜಸೇವೆಯೆಂದು ಬರೆದಿಡುತ್ತಿದ್ದಳು, ಒಟ್ಟು 609 ಗಂಟೆ. ಗುಟ್ಟು ರಟ್ಟಾದಾಗ ಸ್ಯಾಮ್ ವರ್ಷಗಟ್ಟಲೆ ಮಾತು ಬಿಟ್ಟ. ಅವನಿಗೆ ಬೇಕಿದ್ದದ್ದು ಗೆಳತಿ, ಸೇವೆಯ ಲೆಕ್ಕವಲ್ಲ.

ಹೊತ್ತಿನ ಲೆಕ್ಕ ನಾವೂ ಇಡಬೇಕು ನಿಜ. ಓದು, ನಿದ್ದೆ, ಕಣ್ಣು ಕೆಡಬಾರದಲ್ಲ. ಆದರೆ ಲೆಕ್ಕವೊಂದೇ ಸಾಲದು. ದಿನಕ್ಕೆ ಹತ್ತು ನಿಮಿಷ ಪಕ್ಕದಲ್ಲಿ ಕೂತು ಮೂರು ಪ್ರಶ್ನೆ ಕೇಳಿ: "ಯಾರ ಜೊತೆ ಆಡ್ತಿದೀಯ ಕಂದಾ? ಇದರಲ್ಲಿ ದುಡ್ಡಿನ ವ್ಯವಹಾರ ಇದೆಯಾ? ಸೋತರೆ ನಿನಗೆ ಏನನ್ನಿಸುತ್ತೆ?" ಹಲವರು ಕೂಡಿ ಆಡುವ ಆಟವನ್ನು ನಡುವೆ ನಿಲ್ಲಿಸಲಾಗದು; ಆದ್ದರಿಂದ ಹತ್ತು ನಿಮಿಷ ಮೊದಲೇ ಹೇಳಿಡಿ, ಅರ್ಧ ಜಗಳ ಕಡಿಮೆ. ಬ್ಯಾಂಕಿನ ಲೆಕ್ಕ ಇರುವ ಮೊಬೈಲಿನ ಗುಟ್ಟಿನ ಸಂಖ್ಯೆ ಮಾತ್ರ ಮಕ್ಕಳಿಗೆ ತಿಳಿಯದಿರಲಿ.

ಮನೆಯಲ್ಲಿ ಇಂಗ್ಲಿಷ್ ಓದುವ ಮಗಳೋ ಸೊಸೆಯೋ ಇದ್ದರೆ ಈ ಪುಸ್ತಕಗಳಲ್ಲಿ ಒಂದನ್ನು ತರಿಸಿ ಕಥೆ ಹೇಳಿಸಿಕೊಳ್ಳಿ. ಆಮೇಲೆ ಆಡುವ ಮಗನಿಗೂ ಅದೇ ಕಥೆ ಹೇಳಿ. ಅಮ್ಮನಿಗೂ ಎಂಡರ್ ಗೊತ್ತು ಅಂದರೆ, ತನ್ನ ಆಟದ ಕಥೆಯನ್ನು ಅವನೇ ಬಂದು ಹೇಳಿಯಾನು!